ಬೆನ್ನಿಲ್ಲದ ಪೆಟ್ಟಿಗೆ

ತೆಂಗಿನ ಸೀಮೆಯಲ್ಲಿ ಕಿವಿಗೂ ಒಂದು ಕಸುಬಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟುಬಿಡುತ್ತಾರೆ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಎನ್ನುತ್ತದೆ. ಬರಬರುತ್ತಾ ನೀರು ಇಂಗಿ ಆ ಸದ್ದು ಅಡಗುತ್ತದೆ. ಆಮೇಲೆ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಎನ್ನತೊಡಗುತ್ತದೆ. ಒಡೆದು ನೋಡಿದರೆ ಕಾಯಿ ಕೆಟ್ಟಿತು, ಒಡೆಯದಿದ್ದರೆ ಒಳಗೇನಿದೆಯೋ ಕಾಣದು. ಹಾಗಾಗಿ ಕಿವಿಯನ್ನೇ ನಂಬಬೇಕು. ಹೀಗೆ ಕೇಳಿ ಕೇಳಿ ಪಳಗಿದವರು ಎರಡು ಕಾಯನ್ನು ಎರಡು ಕೈಯಲ್ಲಿ ಹಿಡಿದು ಒಂದನ್ನು ಈ ಕಡೆ, ಒಂದನ್ನು ಆ ಕಡೆ ಎಸೆಯುವುದನ್ನು ನೋಡಿದರೆ ಹೊಸಬರಿಗೆ ಕಣ್ಕಟ್ಟಿನಂತೆ ಕಾಣುತ್ತದೆ.

ನೊಣವಿನಕೆರೆಯಿಂದ ತುರುವೇಕೆರೆ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿಯ ಅಂಥದೇ ಮನೆಗೆ 2020ರ ಮಾರ್ಚ್ ನಡುವಿನಲ್ಲಿ ಮಗ ಬೆಂಗಳೂರಿನಿಂದ ಬಂದ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್, ಎರಡನೆಯ ವರ್ಷ. ಕೊರೊನಾದಿಂದ ಕಾಲೇಜು ಮುಚ್ಚಿತ್ತು. ವಾರ ಕಳೆಯುವುದರೊಳಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅವನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಸಾಲ್ಡರಿಂಗ್ ಐರನ್, ಎಸ್.ಪಿ. ರಸ್ತೆಯಲ್ಲಿ ಕೊಂಡ ಬಿಡಿಭಾಗಗಳಿಂದ ತಾನೇ ಜೋಡಿಸಿದ ಒಂದು ಪುಟ್ಟ ಆಂಪ್ಲಿಫೈಯರ್ ಇದ್ದವು. ಬ್ಯಾಗಿನಲ್ಲಿಲ್ಲದೆ ಎದೆಯಲ್ಲಿ ಹೊತ್ತು ತಂದದ್ದು ಇನ್ನೊಂದಿತ್ತು. ಫೆಬ್ರವರಿಯಲ್ಲಿ ಬಂದ ಫಲಿತಾಂಶದಲ್ಲಿ ಅವನು ಗಣಿತದಲ್ಲಿ ನಪಾಸಾಗಿದ್ದ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ, 'ಇನ್ನೂ ಬಂದಿಲ್ಲ' ಎಂದಿದ್ದ.

ಅಪ್ಪನಿಗೆ ಮಗನ ಓದಿನ ಮೇಲೆ ಇದ್ದ ಆಸೆಗೆ ಕಾರಣವಿತ್ತು. 1998ರಲ್ಲಿ ಕೇರಳದ ತೆಂಗಿಗೆ ಬಿದ್ದ ನುಸಿ ಹೆಚ್ಚು ಕಾಲ ಕಳೆಯುವ ಮೊದಲೇ ಈ ಸೀಮೆಗೂ ಹರಡಿತು. ಕಾಯಿಗಳು ಮೈಯೆಲ್ಲ ಬಿರುಕು ಬಿಟ್ಟು ಸೊರಗಿದವು. ಆಗ ಹೊಸದಾಗಿ ಮನೆಯ ಜವಾಬ್ದಾರಿ ಹೊತ್ತಿದ್ದ ಅವರು, ತನ್ನ ಮಕ್ಕಳು ಮರದ ತುದಿ ನೋಡಿಕೊಂಡು ಬದುಕಬಾರದು ಎಂದು ಅಂದೇ ತೀರ್ಮಾನಿಸಿದ್ದರು. ಅಂಥ ಮಗ ಹಗಲೆಲ್ಲ ಮೊಬೈಲಿನಲ್ಲಿ ಪಾಠ ಕೇಳುವ ಶಾಸ್ತ್ರ ಮುಗಿಸಿ ಹಿತ್ತಿಲಲ್ಲಿ ಹಳೆಯ ಬಾಗಿಲನ್ನು ಅಳೆಯುತ್ತಾ ಕೂತರೆ ಹೇಗನಿಸಬೇಡ?

"ಏನ್ಲಾ ಅದು?" ಎಂದರು ಒಂದು ಸಂಜೆ.

"ಸ್ಪೀಕರ್ ಮಾಡ್ತಿದ್ದೀನಿ ಅಪ್ಪಾಜಿ."

"ಓದಾಕೆ ಅಂತ ಕಳಿಸಿದ್ದು, ಆಚಾರಿ ಕೆಲಸಕ್ಕಲ್ಲ," ಎಂದು ತೋಟದ ಕಡೆ ನಡೆದರು.

ಹುಡುಗ ಮಾಡಲು ಹೊರಟಿದ್ದು ಹೈ-ಫೈ ಹವ್ಯಾಸಿಗಳು 'ಓಪನ್ ಬ್ಯಾಫಲ್' ಎಂದು ಕರೆಯುವ ಸ್ಪೀಕರು. ಹೆಸರು ದೊಡ್ಡದು, ವಸ್ತು ಸರಳ. ಒಂದು ಹಲಗೆ, ಅದರಲ್ಲೊಂದು ತೂತು, ತೂತಿಗೆ ಬಿಗಿದ ಸ್ಪೀಕರು, ಇಷ್ಟೇ. ಹಿಂದುಗಡೆ ಪೆಟ್ಟಿಗೆಯಿಲ್ಲ. ಇದನ್ನು ಕಂಡ ಅಜ್ಜಿ, "ಬೆನ್ನು ಮುಚ್ಚೋದು ಮರೆತೆಯೇನೋ ಮಗ?" ಎಂದು ಕೇಳಿದ್ದು ಸಹಜವೇ. ಆದರೆ ಅಜ್ಜಿಯ ಕಾಲದ ವಾಲ್ವ್ ರೇಡಿಯೊಗಳೂ ಹೀಗೇ ಇದ್ದವು. ಮುಂದೆ ಚೆಂದದ ಬಟ್ಟೆ, ಹಿಂದೆ ತೂತು ತೂತಿನ ಒಂದು ರಟ್ಟು. ಒಳಗಿನ ವಾಲ್ವುಗಳ ಬಿಸಿ ಹೊರಹೋಗಲು ಅದು ಬೇಕಿತ್ತು. ಶಬ್ದವೂ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು.

ಹಿಂದಕ್ಕೆ ಹೋಗುವ ಈ ಶಬ್ದದಲ್ಲೇ ಇರುವುದು ತೊಡಕು. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ತಳ್ಳಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಒಂದೇ ದನಿ, ಆದರೆ ಒಂದಕ್ಕೊಂದು ಪೂರಾ ತಿರುವುಮುರುವು. ಹಲಗೆಯೇ ಇಲ್ಲದಿದ್ದರೆ ಹಿಂದಿನದು ಸುತ್ತಿಬಂದು ಮುಂದಿನದನ್ನು ನುಂಗಿಬಿಡುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ 1925ರಲ್ಲಿ ಇಂದಿನ ಬಗೆಯ ಸುರುಳಿ ಸ್ಪೀಕರನ್ನು ಲೋಕಕ್ಕೆ ತೋರಿಸಿದಾಗಲೇ ಈ ಹಲಗೆಯ ಮಾತೂ ಜೊತೆಗೆ ಬಂತು. ಹಲಗೆ ಇರುವುದು ಎರಡು ದನಿಗಳ ನಡುವೆ ಬೇಲಿ ಹಾಕುವುದಕ್ಕೆ. ಆದರೆ ಮಂದ್ರದ ಅಲೆಗಳಿಗೆ ಚಿಕ್ಕ ಬೇಲಿ ಲೆಕ್ಕಕ್ಕಿಲ್ಲ. ಸೆಕೆಂಡಿಗೆ ನೂರು ಸಲ ಕಂಪಿಸುವ ದನಿಯ ಒಂದು ಅಲೆಯೇ ಸುಮಾರು ಮೂರೂವರೆ ಮೀಟರ್ ಉದ್ದ. ಎರಡಡಿ ಅಗಲದ ಹಲಗೆಯಾದರೆ ಸುಮಾರು ಇನ್ನೂರು ಹರ್ಟ್ಸ್‌ನಿಂದ ಕೆಳಗೆ ಬಲ ಕುಗ್ಗುತ್ತದೆ. ಅಲ್ಲಿಂದ ಒಂದೊಂದು ಸ್ಥಾಯಿ ಇಳಿದಂತೆ ಅರ್ಧಕ್ಕರ್ಧ ಆಗುತ್ತದೆ.

ಹಾಗಿದ್ದರೆ ಪೆಟ್ಟಿಗೆ ಮಾಡಿ ಮುಚ್ಚಬಾರದೇ? ಮುಚ್ಚಬಹುದು, ಹೆಚ್ಚಿನವರು ಮಾಡುವುದು ಅದನ್ನೇ. ಆದರೆ ಪೆಟ್ಟಿಗೆ ತನ್ನದೂ ಒಂದು ದನಿ ಸೇರಿಸುತ್ತದೆ. ಕೊಡದೊಳಗೆ ಬಾಯಿಟ್ಟು ಮಾತಾಡಿದಂಥ ಆ ಗವಿದನಿ ಬೇಡವೆನ್ನುವವರು ಮಂದ್ರವನ್ನು ಒಂದಿಷ್ಟು ಕಳೆದುಕೊಂಡರೂ ಸರಿ ಎಂದು ಬರಿಯ ಹಲಗೆಗೆ ಮರಳುತ್ತಾರೆ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ, 2018ರಲ್ಲಿ ತೀರಿಕೊಂಡ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ತಮ್ಮ ಲೆಕ್ಕಗಳನ್ನೂ ನಕ್ಷೆಗಳನ್ನೂ ಹಂಚಿಕೊಂಡಿದ್ದರಿಂದ ಜಗತ್ತಿನ ಎಷ್ಟೋ ಹವ್ಯಾಸಿಗಳಿಗೆ ಈ ಗೀಳು ಹತ್ತಿತು. ನಮ್ಮಲ್ಲೂ ಮನೆಯಲ್ಲೇ ಮಾಡಿ ನೋಡುವ ಚಟಕ್ಕೆ ಕೊರತೆಯಿರಲಿಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಬರೀ 30 ವ್ಯಾಟಿನ ಯಂತ್ರವಿಟ್ಟುಕೊಂಡು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಆಗಲೂ ಅಕ್ಕಪಕ್ಕದವರು, 'ಮೇಷ್ಟ್ರಿಗೆ ಇದೆಲ್ಲ ಯಾಕೆ' ಎಂದುಕೊಂಡಿರಬಹುದೋ ಏನೋ.

ಹುಡುಗನ ಹಲಗೆ ಹಲಸಿನ ಹಳೆಯ ಬಾಗಿಲು. ಮೂರಡಿ ಎತ್ತರ, ಎರಡಡಿ ಅಗಲಕ್ಕೆ ಕುಯ್ದುಕೊಂಡ. ವೃತ್ತ ಕೊರೆಯುವ ಯಂತ್ರವಿರಲಿಲ್ಲ. ಊರಿನ ಆಚಾರಿಯಿಂದ ಕೈ ಡ್ರಿಲ್ ಕಡ ತಂದು, ಗೆರೆಯುದ್ದಕ್ಕೂ ಸಣ್ಣ ತೂತುಗಳನ್ನು ಸಾಲಾಗಿ ಹಾಕಿ, ಒಂದಕ್ಕೊಂದು ಕೂಡಿಸಿ, ಅರದಿಂದ ಉಜ್ಜಿ ಎರಡು ದಿನದಲ್ಲಿ ಮುಗಿಸಿದ. ತೂತನ್ನು ನಡುಮಧ್ಯದಲ್ಲಿ ಕೊರೆಯದೆ ಒಂದು ಪಕ್ಕಕ್ಕೆ ಸರಿಸಿದ್ದ. ನಡುವಿನಲ್ಲಿಟ್ಟರೆ ಎಲ್ಲ ಅಂಚುಗಳಿಗೂ ಹೆಚ್ಚುಕಮ್ಮಿ ಒಂದೇ ದೂರವಾಗಿ, ಸುತ್ತಿಬರುವ ದನಿಯೆಲ್ಲ ಒಟ್ಟಿಗೆ ಬಂದು ಒಂದೇ ಸ್ವರವನ್ನು ಕೆಡಿಸುತ್ತದೆ. ಪಕ್ಕಕ್ಕಿಟ್ಟರೆ ಆ ಕೆಡುಕು ನಾಲ್ಕಾರು ಕಡೆ ಹಂಚಿಹೋಗುತ್ತದೆ. ಆಚಾರಿ ಮಾತ್ರ, "ಅಳತೆ ತಪ್ಪೈತೆ" ಎಂದೇ ಇವತ್ತಿಗೂ ನಂಬಿದ್ದಾನೆ.

ಮೊದಲ ಸಲ ಹಾಡಿಸಿದಾಗ ಮಾನ ಹೋಯಿತು. ಕೆಟ್ಟುಬಿದ್ದಿದ್ದ ಹೋಮ್ ಥಿಯೇಟರಿನಿಂದ ಬಿಚ್ಚಿದ ಸ್ಪೀಕರನ್ನು ಹಲಗೆಗೆ ಬಿಗಿದಿದ್ದ. ಅಂಗೈಯಗಲದ ಭಾರಿ ಆಯಸ್ಕಾಂತ, ನೋಡಿದರೆ ಗೌರವ ಬರಬೇಕು. ಯುಪಿಎಸ್ಸಿನ ಬ್ಯಾಟರಿಯಿಂದ ಕರೆಂಟು ಕೊಟ್ಟು ಜಗಲಿಯ ಮೇಲೆ ಹಾಡು ಹಾಕಿದ. ಮೃದಂಗದ ಎಡಗಡೆ ಮಾಯವಾಗಿ ಬಲಗಡೆ ಮಾತ್ರ ಟಿಕಿಟಿಕಿ ಎನ್ನುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಅಪ್ಪ ನಿಂತರು.

"ಅರೆ ಹೊಡೆದಂಗೆ ಎದೆಗೆ ಬರಬೇಕು. ಇದು ತಗಡು ಬಡಿದಂಗೈತೆ."

ಸೋಮನ ಕುಣಿತದ ಅರೆವಾದ್ಯ ಕೇಳಿ ಬೆಳೆದವರಿಗೆ ಮಂದ್ರ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹುಡುಗನಿಗೆ ಸಿಟ್ಟು ಬಂತು. ರಾತ್ರಿ ಕೂತು ಓದಿದಾಗ ಗೊತ್ತಾಯಿತು, ತಪ್ಪು ಹಲಗೆಯದಲ್ಲ. ಬಲವಾದ ಆಯಸ್ಕಾಂತ ಶಂಕುವನ್ನು ಗಟ್ಟಿಯಾಗಿ ಲಗಾಮು ಹಿಡಿದಿರುತ್ತದೆ. ಪೆಟ್ಟಿಗೆಯಲ್ಲಿ ಕೂರುವ ಸ್ಪೀಕರಿಗೆ ಅದು ಒಳ್ಳೆಯದು. ಬೆನ್ನಿಲ್ಲದ ಹಲಗೆಗೆ ಬೇಕಾದದ್ದು ದುರ್ಬಲ ಆಯಸ್ಕಾಂತದ ಸ್ಪೀಕರು. ಅದರ ಲಗಾಮು ಸಡಿಲ. ಕೆಳಗಿನ ಸ್ವರಗಳಲ್ಲಿ ಅದು ತುಸು ಹೆಚ್ಚೇ ತೂಗಾಡುತ್ತದೆ. ಹಲಗೆ ಕಳೆಯುವುದನ್ನು ಆ ತೂಗಾಟ ಒಂದಿಷ್ಟು ತುಂಬಿಕೊಡುತ್ತದೆ. ಅಂಥವು ಇದ್ದದ್ದು ಎಲ್ಲಿ? ಹಳೆಯ ರೇಡಿಯೊಗಳಲ್ಲಿ.

ಅಜ್ಜನ ರೇಡಿಯೊ ಅಟ್ಟದ ಮೇಲೆ, ಕೊಬ್ಬರಿ ರಾಶಿಯ ಹಿಂದೆ ಇತ್ತು. ಎಷ್ಟೋ ವರ್ಷದಿಂದ ಮಾತಾಡಿರಲಿಲ್ಲ. ಇಲ್ಲಿ ಓದುವ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ವಾಲ್ವ್ ರೇಡಿಯೊದೊಳಗೆ ಇನ್ನೂರೈವತ್ತು ವೋಲ್ಟಿನ ಆಸುಪಾಸಿನ ವಿದ್ಯುತ್ ಓಡಾಡುತ್ತಿರುತ್ತದೆ. ಕೆಲವುಗಳಲ್ಲಿ ಕೈಗೆ ಸಿಗುವ ಲೋಹದ ತಟ್ಟೆಗೇ ಮನೆಯ ಕರೆಂಟು ಬಂದಿರುತ್ತದೆ. ಬಲ್ಲವರು ಪಕ್ಕದಲ್ಲಿಲ್ಲದೆ ಅದನ್ನು ಪ್ಲಗ್ಗಿಗೆ ಚುಚ್ಚಿ ಕೈ ಹಾಕಬಾರದು. ಹುಡುಗ ಪ್ಲಗ್ಗಿನ ಹತ್ತಿರಕ್ಕೂ ಒಯ್ಯಲಿಲ್ಲ. ನಾಲ್ಕು ಬೋಲ್ಟು ಬಿಚ್ಚಿ ಸ್ಪೀಕರನ್ನಷ್ಟೇ ಹೊರತೆಗೆದ. ಅದಕ್ಕೂ ಮೊದಲು ಅಜ್ಜಿಯ ಒಪ್ಪಿಗೆ ಕೇಳಿದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಮಾತಾಡೋದಾದ್ರೆ ತಗೋ," ಎಂದಳು.

ಶಂಕುವಿನ ಅಂಚು ಎರಡು ಕಡೆ ಹರಿದಿತ್ತು. ತೆಳುವಾದ ಕಾಗದದ ಚೂರನ್ನು ನೀರು ಬೆರೆಸಿದ ಫೆವಿಕಾಲಿನಿಂದ ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟ. ಮೀಟರು ಹಿಡಿದರೆ ಸುರುಳಿ ಮೂರು ಓಮ್ ತೋರಿಸಿತು, ಜೀವವಿದೆ. ಮಾರನೆಯ ದಿನ ಜಗಲಿಯಲ್ಲಿ ಗಂಗೂಬಾಯಿ ಹಾನಗಲ್ಲರ ದನಿ ಎದ್ದಿತು. ಎದೆ ನಡುಗಿಸುವ ಗುಡುಗು ಅದರಲ್ಲಿರಲಿಲ್ಲ, ಎರಡಡಿ ಹಲಗೆಯಿಂದ ಅದನ್ನು ಬಯಸುವುದೂ ಅನ್ಯಾಯ. ಆದರೆ ಆ ತುಂಬಿದ ಗಂಟಲು ಹಲಗೆಯಲ್ಲಿ ಸಿಕ್ಕಿಕೊಂಡಿರದೆ ಜಗಲಿಯಲ್ಲೇ ಯಾರೋ ಕೂತು ಹಾಡುವಂತಿತ್ತು.

ಅಪ್ಪ ಕಾಯಿ ಸುಲಿಯುವವರ ಲೆಕ್ಕ ಮುಗಿಸಿ ಬಂದರು. ಈ ಸಲ ನಿಲ್ಲಲಿಲ್ಲ, ಹಲಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಪಕ್ಕಕ್ಕೆ, ಹಲಗೆಯ ಅಂಚು ತಮಗೆ ನೇರವಾಗುವ ಜಾಗಕ್ಕೆ ಬಂದಾಗ ತಲೆ ವಾಲಿಸಿದರು.

"ಇಲ್ಲಿ ದನಿ ಸತ್ತೋಯ್ತದೆ. ಹಿಂದಕ್ಕೋದ್ರೆ ಮತ್ತೆ ಐತೆ. ಯಾಕೆ?"

ಹುಡುಗ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಅಂಚಿನಲ್ಲಿ ನಿಂತವರಿಗೆ ಮುಂದಿನ ದನಿಯೂ ಹಿಂದಿನ ದನಿಯೂ ಒಂದೇ ಸಮಕ್ಕೆ ತಲುಪಿ ಒಂದನ್ನೊಂದು ಅಳಿಸಿಹಾಕುತ್ತವೆ. ಎದುರಿಗೂ ಬೆನ್ನಿಗೂ ಎರಡು ಉಂಡೆಯ ಹಾಗೆ ಶಬ್ದ, ಪಕ್ಕದಲ್ಲಿ ಬಯಲು. ಅಪ್ಪ ಕೇಳಿಸಿಕೊಂಡರು. ಆಮೇಲೆ ಹಲಗೆಯನ್ನು ಗೋಡೆಯಿಂದ ಈಚೆಗೆ ಎಳೆಯತೊಡಗಿದರು. ಒಂದು ಗೇಣು ಎಳೆದು ಕೇಳುವುದು, ಮತ್ತೊಂದು ಗೇಣು ಎಳೆದು ಕೇಳುವುದು. ಅಟ್ಟದ ಮೇಲೆ ಕಾಯಿ ಹಿಡಿದಾಗ ಬರುವ ಮುಖವೇ ಆಗಲೂ ಇತ್ತು. ಒಂದು ಕಡೆ ನಿಲ್ಲಿಸಿ, "ಇಲ್ಲಿ ಬಿಡು," ಎಂದರು. ಹುಡುಗ ಟೇಪು ಹಿಡಿದ. ಗೋಡೆಯಿಂದ ಮೂರಡಿ ಎರಡಂಗುಲ. ಹಿಂದಿನ ದನಿ ಗೋಡೆಗೆ ಬಡಿದು ತಡವಾಗಿ ಮರಳಲೆಂದು ಕನಿಷ್ಠ ಒಂದು ಮೀಟರ್ ಬಿಡಬೇಕೆಂದು ಅವನು ಓದಿದ್ದ. ಓದಿಯೂ ಜಾಗವಿಲ್ಲವೆಂದು ಗೋಡೆಗೆ ಒರಗಿಸಿಟ್ಟಿದ್ದ.

ಹಾಡು ಮುಗಿದ ಮೇಲೆ ಅಪ್ಪ ಕಂಬಕ್ಕೊರಗಿ ಕೂತು ಕೇಳಿದರು, "ಇಷ್ಟೆಲ್ಲ ಬಲ್ಲವನಿಗೆ ಆ ಪೇಪರಲ್ಲಿ ಏನಾಯ್ತು?"

ಕಾಲೇಜಿನಿಂದ ಫೆಬ್ರವರಿಯಲ್ಲೇ ಅವರ ಫೋನಿಗೆ ಸಂದೇಶ ಬಂದಿತ್ತು. ಇಂಗ್ಲಿಷಿನಲ್ಲಿದ್ದುದನ್ನು ಮಗಳ ಕೈಲಿ ಓದಿಸಿದ್ದರು. ಅಮ್ಮನಿಗೂ ಹೇಳಬಾರದೆಂದು ಅವಳಿಗೆ ಆಣೆ ಹಾಕಿದ್ದರು. ಎರಡು ತಿಂಗಳು ಅಪ್ಪ ಮಗ ಇಬ್ಬರೂ ಒಂದೇ ವಿಷಯವನ್ನು ಬೆನ್ನಿಗೆ ಬೆನ್ನು ಹಾಕಿ ಹೊತ್ತುಕೊಂಡಿದ್ದರು.

ಹುಡುಗನಿಗೆ ತಕ್ಷಣ ಮಾತು ಬರಲಿಲ್ಲ. ಕೊನೆಗೆ ಹೇಳಿದ. ಫೋರಿಯೇ ಸರಣಿ ಎಂಬುದೊಂದಿದೆ, ಯಾವ ದನಿಯನ್ನಾದರೂ ಸಣ್ಣ ಸಣ್ಣ ಶುದ್ಧ ಅಲೆಗಳಾಗಿ ಬಿಡಿಸುವ ಲೆಕ್ಕ. ತರಗತಿಯಲ್ಲಿ ಮೊದಲ ವಾರವೇ ಕೈತಪ್ಪಿತು, ಕೇಳಲು ನಾಚಿಕೆಯಾಯಿತು, ಆಮೇಲೆ ಬಾಯಿಪಾಠ ಮಾಡಿದ, ಪ್ರಶ್ನೆ ತಿರುಗಿಸಿ ಕೇಳಿದರು. ಅಪ್ಪ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೃದಂಗದ ಎಡಗಡೆ ಬರಲಿಲ್ಲ ಅಂದಾಗ ಯಾಕೆ ಅಂತ ಹುಡುಕಿದೆಯಲ್ಲ, ಇದನ್ನೂ ಹಂಗೇ ಹುಡುಕು," ಎಂದು ಎದ್ದುಹೋದರು. ಮಾತು ಸ್ವಲ್ಪ ಗಡುಸಾಗಿಯೇ ಇತ್ತು. ಅಂಥ ಹೊತ್ತಿನಲ್ಲಿ ಅಪ್ಪಂದಿರಿಗೆ ಮೆತ್ತಗೆ ಮಾತಾಡಲು ಬರುವುದು ಕಡಿಮೆ.

ಬೇಸಿಗೆಯಿಡೀ ಬೆಳಗಿನ ಹೊತ್ತು ಗಣಿತ, ಸಂಜೆ ಹಲಗೆ. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಶುದ್ಧ ಸ್ವರ ನುಡಿಸಿ, ಇನ್ನೂರು, ನೂರೈವತ್ತು, ನೂರು ಎಂದು ಇಳಿಯುತ್ತಾ ದನಿ ಎಲ್ಲಿ ಸೊರಗುತ್ತದೆಂದು ಗುರುತು ಹಾಕಿಕೊಂಡ. ಪುಸ್ತಕದ ಸರಣಿಯ ಒಂದೊಂದು ಪದಕ್ಕೂ ಹೀಗೆ ಒಂದೊಂದು ದನಿ ಸಿಕ್ಕಿತು. ಆ ಪತ್ರಿಕೆಯನ್ನು ಮುಂದಿನ ಯತ್ನದಲ್ಲಿ ಪಾಸು ಮಾಡಿದ. ಅಂಕ ಹೇಳಿಕೊಳ್ಳುವಂಥದ್ದೇನಲ್ಲ.

ಓಡಾಟ ಸಡಿಲವಾದ ಮೇಲೆ ಅಪ್ಪನೇ ಒಂದು ಭಾನುವಾರ ಬೈಕು ತೆಗೆದರು. ಚಿಕ್ಕನಾಯಕನಹಳ್ಳಿಯಲ್ಲಿ ಹುಡುಗನ ಸೋದರತ್ತೆಯ ಮನೆ. ಅಜ್ಜ ಕೊಂಡಂಥದೇ ರೇಡಿಯೊ ಅಲ್ಲೂ ಒಂದಿತ್ತು, ಮೇಲೆ ಹೂದಾನಿ ಇಟ್ಟಿದ್ದರು. ಅತ್ತೆ ಕೊಡಲು ಹಿಂದೆಮುಂದೆ ನೋಡಿದಾಗ ಅಪ್ಪ, "ಎರಡು ಕಿವಿ ಐತಲ್ಲಕ್ಕ, ಒಂದೇ ಹಲಗೆ ಸಾಲಾಕಿಲ್ಲ," ಎಂದು ವಾದಿಸಿದ್ದನ್ನು ಹುಡುಗ ಬಾಯಿಬಿಟ್ಟು ನೋಡಿದ. ಬರುವಾಗ ಸ್ಪೀಕರನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಈಗ ಜಗಲಿಯಲ್ಲಿ ಎರಡು ಹಲಗೆಗಳಿವೆ. ಹುಡುಗ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಮ್ಮ ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಓಡಾಡಲು ಅಡ್ಡವೆಂದು ಎರಡನ್ನೂ ಗೋಡೆಗೆ ಸರಿಸಿಡುತ್ತಾಳೆ. ತೋಟದಿಂದ ಬಂದ ಅಪ್ಪ ಕೈಕಾಲು ತೊಳೆದು, ಯಾರಿಗೂ ಏನೂ ಹೇಳದೆ, ಮತ್ತೆ ಮೂರಡಿ ಎರಡಂಗುಲ ಈಚೆಗೆ ಎಳೆಯುತ್ತಾರೆ.