ಗೌರಿ ಹಬ್ಬ ಯಾವತ್ತಿತ್ತು

ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನ ಬರೆಯಲು ನನಗೆ ಅರ್ಧ ನಿಮಿಷ ಸಾಕಿತ್ತು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಕೂಡಿಸಿ, ಮೂರು ತಿಂಗಳು ಹಿಂದೆ ಹೋಗಿ, ವರ್ಷ ಒಂದು ಮುಂದೆ ಹಾಕಿದರೆ ಆಯಿತು. ಜರ್ಮನಿಯ ಹೈಡಲ್‌ಬರ್ಗಿನಲ್ಲಿದ್ದ ಪ್ರಸೂತಿ ವೈದ್ಯ ನೇಗೆಲೆಯ ಹೆಸರಿನ ಸೂತ್ರ ಇದು. ಕಿರಿಯ ಆರೋಗ್ಯ ಸಹಾಯಕಿಯಾಗಿ ಚಿತ್ರದುರ್ಗದ ಕಡೆಯ ಒಂದು ಉಪಕೇಂದ್ರದಲ್ಲಿದ್ದಾಗ ಬಾಯಲ್ಲೇ ಲೆಕ್ಕ ಹೇಳುತ್ತಿದ್ದೆ. ಆ ಚುರುಕಿನ ಬಗ್ಗೆ ನನಗೆ ಹೆಮ್ಮೆಯಿತ್ತು.

2013ರ ಜನವರಿಯಲ್ಲಿ ಚೊಚ್ಚಲ ಬಸುರಿಯೊಬ್ಬಳು ಹೆಸರು ಬರೆಸಲು ಬಂದಳು. ನಾಲ್ಕನೇ ತಿಂಗಳು ನಡೆಯುತ್ತಿತ್ತು. ಕೊನೆಗೆ ಮುಟ್ಟಾಗಿದ್ದು ಯಾವತ್ತು ಎಂದೆ.

“ಗೌರಮ್ಮನ್ನ ಕೂರಿಸೋ ದಿನಾನೇ ಹೊರಗಾದೆ ಸಿಸ್ಟರ್. ಮದುವೆಯಾದ ಮೊದಲನೇ ಗೌರಿ, ತವರಿಂದ ಬಾಗಿನ ಬಂದಿತ್ತು. ಮುಟ್ಟಾಕೂ ಆಗ್ಲಿಲ್ಲ.”

ಇಷ್ಟು ಖಚಿತವಾದ ಉತ್ತರ ಯಾವ ಓದಿದ ಹೆಂಗಸೂ ನನಗೆ ಕೊಟ್ಟಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಟ್ಟಿನ ದಿನ ನೆನಪಿರುವುದು ಹೀಗೇ, ತಪ್ಪಿಹೋದ ಪೂಜೆಯ ಜೊತೆಗೆ, ಹೋಗಲಾಗದ ಜಾತ್ರೆಯ ಜೊತೆಗೆ. ಗೋಡೆಯ ಮೇಲಿದ್ದುದು ಹೊಸ ವರ್ಷದ ಕ್ಯಾಲೆಂಡರು. ಹಳೆಯದನ್ನು ಹುಡುಕುವ ಗೋಜಿಗೆ ಹೋಗದೆ, ಗೌರಿ ಹಬ್ಬ ಆಗಸ್ಟ್ ಕೊನೆಯ ದಿನ ಎಂಬ ನೆನಪಿನಲ್ಲಿ ಆಗಸ್ಟ್ 31 ಎಂದು ಬರೆದೆ. ಹೆರಿಗೆಯ ದಿನ ಜೂನ್ 7. “ತಿಂಗಳು ತಿಂಗಳು ಸರಿಯಾಗಿ ಆಗ್ತೀಯಾ?” ಎಂದು ಕೇಳಿದ್ದೇನೋ ಹೌದು. “ಐದು ವಾರಕ್ಕೊಂದ್ಸಲ” ಎಂದಳು. ಅದನ್ನು ಬರೆಯಲು ಕಾರ್ಡಿನಲ್ಲಿ ಜಾಗ ಹುಡುಕಲಿಲ್ಲ.

ಆ ಐದು ವಾರದ ಮಾತಿಗೆ ಏಳು ದಿನದ ತೂಕವಿತ್ತು. ನಾವು ಎಣಿಸುವ 280 ದಿನಗಳಲ್ಲಿ ಮೊದಲ ಎರಡು ವಾರ ಮಗುವೇ ಇರುವುದಿಲ್ಲ. ಮುಟ್ಟು 28 ದಿನಕ್ಕೊಮ್ಮೆ ಬರುತ್ತದೆ, ಹದಿನಾಲ್ಕರ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತದೆ ಎಂದು ಸೂತ್ರ ಮೊದಲೇ ಒಪ್ಪಿಕೊಂಡುಬಿಟ್ಟಿದೆ. 35 ದಿನಕ್ಕೊಮ್ಮೆ ಮುಟ್ಟಾಗುವವಳಲ್ಲಿ ಅದು ಇಪ್ಪತ್ತೊಂದರ ಆಸುಪಾಸಿಗೆ ಹೋಗುತ್ತದೆ. ಅವಳ ದಿನವನ್ನೂ ಒಂದು ವಾರ ಮುಂದೆ ಹಾಕಬೇಕು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು.

ಏಪ್ರಿಲ್‌ನಲ್ಲಿ ಹೊಟ್ಟೆ ಅಳೆದಾಗ ಟೇಪು 30 ಸೆಂಟಿಮೀಟರ್ ತೋರಿಸಿತು. ಆ ಹಂತದಲ್ಲಿ ವಾರ ಎಷ್ಟೋ ಸೆಂಟಿಮೀಟರೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನನ್ನ ಕಾರ್ಡಿನ ಲೆಕ್ಕಕ್ಕೆ 33 ವಾರ ದಾಟಿತ್ತು. ದಿನ ತಪ್ಪಿರಬಹುದು ಎಂದು ನನಗೆ ಹೊಳೆಯಲಿಲ್ಲ. “ಮಗು ಸಣ್ಣದಿದೆ. ಹೊಟ್ಟೆ ತುಂಬಾ ಉಣ್ಣಲ್ಲ ನೀನು” ಎಂದು ಗದರಿದೆ. ಅವಳು ತಲೆ ತಗ್ಗಿಸಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದು ಕಣ್ಣಲ್ಲಿದೆ. ಮಾಡದ ತಪ್ಪನ್ನು ನಾನು ಅವಳ ತಟ್ಟೆಗೆ ಹಾಕಿದ್ದೆ.

ಅದೇ ತಿಂಗಳು ಮಾಡಿಸಿದ ಅವಳ ಮೊದಲ ಸ್ಕ್ಯಾನು ಜುಲೈ 3 ಎಂದಿತು. ಕೊನೆಯ ತಿಂಗಳುಗಳ ಸ್ಕ್ಯಾನು ದಿನ ಹೇಳುವುದರಲ್ಲಿ ಮೂರು ವಾರದಷ್ಟು ಅತ್ತಿತ್ತ ಆಗಬಹುದು ಎಂಬುದು ನಿಜ. ಮೊದಲ ಮೂರು ತಿಂಗಳಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಆಗ ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದರೆ ಐದರಿಂದ ಏಳು ದಿನದ ಅಂತರದಲ್ಲಿ ದಿನ ಸಿಗುತ್ತದೆ. ಆಮೇಲೆ ಒಂದೊಂದು ಮಗು ತನ್ನ ಅಪ್ಪ ಅಮ್ಮನ ಮೈಕಟ್ಟಿಗೆ ತಕ್ಕಂತೆ, ಒಳಗೆ ಸಿಕ್ಕ ಆಹಾರಕ್ಕೆ ತಕ್ಕಂತೆ ಬೇರೆ ಬೇರೆಯಾಗುತ್ತದೆ. ಹೀಗೆಂದು ನಾನು ಆ ಕಾಗದವನ್ನು ಬದಿಗಿಟ್ಟೆ. ಜೂನ್ 7ಕ್ಕೂ ಜುಲೈ 3ಕ್ಕೂ 26 ದಿನ. ಮೂರು ವಾರಕ್ಕಿಂತಲೂ ಹೆಚ್ಚು. ಅದನ್ನಾದರೂ ಎಣಿಸಬಹುದಿತ್ತು.

ಜೂನ್ 7 ಬಂತು, ಹೋಯಿತು. ಅದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಬರೆದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. ಆದರೆ ವಾರ ಕಳೆದಾಗ, 14ರಂದು, ದಿನ ಮೀರಿದೆ ಎಂದು ಬರೆದು ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಕಳಿಸಿದೆ. ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. “ಹೊಟ್ಟೆ ಇನ್ನೂ ಜಾರಿಲ್ಲ ಕಣವ್ವ. ಕಾರಹುಣ್ಣಿಮೆ ಕಳೀಬೇಕು, ಆಮೇಲೆ ಈ ಕೂಸು.” ಆ ವರ್ಷ ಕಾರಹುಣ್ಣಿಮೆ ಜೂನ್ 23ಕ್ಕಿತ್ತು. ಮೂಢನಂಬಿಕೆ ಬಿಡಿ ಅಂದೆ. ಆ ಹೆಂಗಸಿಗೆ ಅಷ್ಟು ಜನರೆದುರು ಹಾಗೆ ಅಂದೆ.

ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಒಂದು ಚಾಂದ್ರಮಾನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ. ಅಂಥ ಒಂಬತ್ತಕ್ಕೆ 266 ದಿನ ಆಗುತ್ತದೆ. ಬಸಿರು ನಿಂತಲ್ಲಿಂದ ಹೆರಿಗೆಯವರೆಗೆ ನಮ್ಮ ಪುಸ್ತಕ ಹೇಳುವುದೂ 266. ನವಮಾಸ ಎನ್ನುವ ಅಜ್ಜಿಯರ ಮಾತು ಅಂದಾಜಿನದು ಎಂದೇ ನಾನು ತಿಳಿದಿದ್ದೆ.

ನೋವು ಬರಿಸುವ ಔಷಧಿ ಕೊಟ್ಟು 15ರಂದು ಹೆರಿಗೆ ಮಾಡಿಸಿದರು. ಆಸ್ಪತ್ರೆಯವರು ನೋಡಿದ್ದು ನನ್ನ ಕೈಬರಹವನ್ನು. ಹೆಣ್ಣುಮಗು, ಎರಡು ಕಿಲೋ ನೂರು ಗ್ರಾಂ. ಉಸಿರು ಸೇದಿ ಸೇದಿ ಎಳೆಯುತ್ತಿತ್ತು. ನಾಲ್ಕು ದಿನ ಆಮ್ಲಜನಕದಲ್ಲಿಟ್ಟರು. ತಾಯಿ ಹೊಲಿಗೆಯ ನೋವಿನಲ್ಲೇ ಎದ್ದು ಗಾಜಿನಾಚೆ ನಿಲ್ಲುತ್ತಿದ್ದಳಂತೆ. ಮಗು ಉಳಿಯಿತು.

ಬಾಣಂತಿಯನ್ನು ನೋಡಲು ಮನೆಗೆ ಹೋದಾಗ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆದ ಕ್ಯಾಲೆಂಡರಿತ್ತು. ಅದರ ಹಿಂದೆಯೇ, ಅದೇ ಮೊಳೆಗೆ, ಹೋದ ವರ್ಷದ್ದೂ ಇತ್ತು. ಕೈ ತಾನಾಗಿ ಹಾಳೆ ಮಗುಚಿತು. 2012ರಲ್ಲಿ ಅಧಿಕ ಭಾದ್ರಪದ ಬಂದು ಗೌರಿ ಹಬ್ಬ ಸೆಪ್ಟೆಂಬರ್ 18ಕ್ಕೆ ಹೋಗಿತ್ತು. ಆಗಸ್ಟ್ 31 ಅದರ ಹಿಂದಿನ ವರ್ಷದ ಹಬ್ಬ. ಹದಿನೆಂಟು ದಿನ ಅಲ್ಲಿ ಹೋಯಿತು, ಏಳು ದಿನ ಆ ಐದು ವಾರದಲ್ಲಿ. ಅವಳ ದಿನ ಜುಲೈ 2 ಆಗಬೇಕಿತ್ತು. 41 ವಾರ ತುಂಬಿದೆಯೆಂದು ನಾನು ಕಳಿಸಿದ ಮಗುವಿಗೆ 37 ವಾರ ಆಗಿ ಮೂರೇ ದಿನವಾಗಿತ್ತು.

ಕ್ಯಾಲೆಂಡರನ್ನು ಹಾಗೇ ಬಿಟ್ಟು, ಮಗುವಿನ ತೂಕ ನೋಡಿ, ಎದೆಹಾಲಿನ ಬಗ್ಗೆ ಎರಡು ಮಾತು ಹೇಳಿ ಬಂದೆ. ಅತ್ತೆ ಕಾಫಿ ಕೊಟ್ಟರು, ಕುಡಿದೆ. ಹೇಳಲಿಲ್ಲ. ಹೆದರಿದ್ದು ನೌಕರಿಗೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಹೆದರಿದ್ದು ಆ ಅತ್ತೆಯ ಮುಖಕ್ಕೆ.

ಮುಂದೆ ಎಂದೂ ಹಳೆಯ ಕ್ಯಾಲೆಂಡರು ಬಿಸಾಡಲಿಲ್ಲ. ಮೂರು ತಿಂಗಳೊಳಗೇ ಸ್ಕ್ಯಾನು ಮಾಡಿಸಿ ಎಂದು ಮನೆಮನೆಗೆ ಹೋಗಿ ಹೇಳಿದೆ.

ಈಚೆಗೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ಬಂದಳು. ಮಗಳು ನನ್ನ ಭುಜದೆತ್ತರ ಬೆಳೆದಿದ್ದಾಳೆ. “ಇವರೇ ಕಣೇ ಆ ಸಿಸ್ಟರು” ಎಂದು ಮಗಳಿಗೆ ತೋರಿಸಿದಳು. “ದಿನ ಮೀರಿದ್ರೂ ಹೊರಗೆ ಬರ್ದೆ ಕೂತಿದ್ದೆ ನೀನು, ಇವರು ಕಳಿಸಿದ್ದಕ್ಕೆ ಉಳ್ಕೊಂಡೆ.” ಹುಡುಗಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಬಸ್ಸು ಬರುವವರೆಗೂ ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.