ಹಿಂಗಾಲಿಗಳ ಸಮಾಚಾರ

ಅಮೆರಿಕಕ್ಕೆ ಹೋಗಿ ಬಂದವರು ಕಾಲೇಜಿನ ಪತ್ರಿಕೆಗೆ ನಯಾಗರದ ಮೇಲೊಂದು ಲೇಖನ ಕೊಡುವುದು ವಾಡಿಕೆ. ಸಂಪಾದಕ ಮಿತ್ರರು ನನ್ನಿಂದಲೂ ಅದನ್ನೇ ನಿರೀಕ್ಷಿಸಿದ್ದರು. ನಯಾಗರವನ್ನು ನಾನೂ ನೋಡಿದೆ, ನೀರು ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಶಕ್ತಿ ನನಗಿಲ್ಲ. ಆದರೆ ಬೇಸಿಗೆಯ ರಜೆಯಲ್ಲಿ ಎರಡು ತಿಂಗಳು ಒಹಾಯೊ ಸಂಸ್ಥಾನದಲ್ಲಿರುವ ನನ್ನ ತಮ್ಮನ ಮನೆಯಲ್ಲಿದ್ದಾಗ, ಮೋಟಾರು ಕಾರಿನ ಹಿಂಗಾಲಿಗಳ ನಡುವೆ ಇರುವ ಕಬ್ಬಿಣದ ಗಂಟಿನ ವಿಷಯವಾಗಿ ನಾನು ಪಡೆದ ಜ್ಞಾನ ಅಪಾರ. ಚರಿತ್ರೆ ಹೇಳಿಕೊಡುವವನಿಗೆ ಈ ಗೊಡವೆ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಕೊನೆಯಲ್ಲಿ ಸಿಕ್ಕರೂ ಸಿಗಬಹುದು.

ನನ್ನ ತಮ್ಮನಲ್ಲಿ 1970ನೆಯ ಇಸವಿಯ ಷೆವರ್ಲೆ ನೋವಾ ಎಂಬ ಕಾರು ಇದೆ. ವಯಸ್ಸಿನಲ್ಲಿ ಅದು ಅವನಿಗಿಂತ ಹಿರಿದು. ವಾರಕ್ಕೆ ಎರಡು ದಿನ ಅದರಲ್ಲಿ ಮೂವತ್ತು ಮೈಲಿ ದೂರದ ಕಚೇರಿಗೆ ಹೋಗುತ್ತಾನೆ. ಎಂಟು ವರ್ಷದ ಮಗನನ್ನು ಈಜಿನ ಪಾಠಕ್ಕೆ ಕರೆದೊಯ್ಯುತ್ತಾನೆ. ಕೆಲವು ಶನಿವಾರ ಅದನ್ನೇ ಡ್ರ್ಯಾಗ್ ಪಂದ್ಯಕ್ಕೆ ಒಯ್ಯುತ್ತಾನೆ. ಡ್ರ್ಯಾಗ್ ಪಂದ್ಯವೆಂದರೆ ಎರಡು ಕಾರುಗಳು ಅಕ್ಕಪಕ್ಕ ನಿಂತು, ದೀಪ ಹಸಿರಾದೊಡನೆ ನೇರವಾದ ಪಥದಲ್ಲಿ ಕಾಲು ಮೈಲಿ, ಎಂದರೆ 1,320 ಅಡಿ, ಓಡುವುದು. ಅಷ್ಟೆ. ತಿರುವಿಲ್ಲ, ಏರಿಲ್ಲ, ಇಳಿಜಾರಿಲ್ಲ. ಬೀದಿಗಳಲ್ಲಿ ಹುಡುಗರು ಪ್ರಾಣ ಕಳೆದುಕೊಳ್ಳುವುದನ್ನು ನೋಡಲಾರದೆ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿ ಈ ಆಟಕ್ಕೆ ನಿಯಮ ತಂದರು. ಬಾವುಟ ಬೀಸುವವನ ಬದಲು ದೀಪದ ಕಂಬ ಬಂದದ್ದು 1963ರಲ್ಲಿ. ಅತಿ ವೇಗದ ವರ್ಗಗಳ ಓಟವನ್ನು 2008ರಲ್ಲಿ, ಒಂದು ಸಾವಿನ ತರುವಾಯ, ಸಾವಿರ ಅಡಿಗೆ ಇಳಿಸಿದ್ದಾರೆ. ನನ್ನ ತಮ್ಮನದು ಅಂಥ ವರ್ಗವಲ್ಲ. ಅವನಿಗೆ ಕಾಲು ಮೈಲಿ ಓಡಲು ಹನ್ನೆರಡು ಚಿಲ್ಲರೆ ಸೆಕೆಂಡು ಬೇಕು. ಆ ಕೊನೆ ಮುಟ್ಟುವಾಗ ಗಂಟೆಗೆ 110 ಮೈಲಿ ವೇಗವಿರುತ್ತದೆ.

ನಾನು ಹೋಗುವ ಹೊತ್ತಿಗೆ ಕಾರು ಷೆಡ್ಡಿನಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ, ಹಿಂಗಾಲಿಗಳಿಲ್ಲದೆ, ಲಾಳ ಕಟ್ಟಲು ಕೆಡವಿದ ಎತ್ತಿನಂತೆ ಅಸಹಾಯವಾಗಿತ್ತು. ಒಂದು ತಿಂಗಳ ಕೆಳಗೆ ಪಂದ್ಯದ ಆರಂಭದ ಗೆರೆಯಲ್ಲಿಯೇ ಬಲಗಡೆಯ ಆಕ್ಸಲ್ ಮುರಿದಿತ್ತು. ಟೈರು ಒಂದು ಕ್ಷಣ ಜಾರಿ ಸುತ್ತಿ, ಮರುಕ್ಷಣ ನೆಲ ಕಚ್ಚಿತು. ಆ ಪೆಟ್ಟನ್ನು ಆಕ್ಸಲ್ ತಾಳಲಿಲ್ಲ. ಆ ಹಳೆಯ ಹೌಸಿಂಗಿನಲ್ಲಿ ಆಕ್ಸಲನ್ನು ಹಿಡಿದಿಡುವುದು ಒಳತುದಿಯಲ್ಲಿರುವ, ಕುದುರೆಲಾಳದ ಆಕಾರದ ಒಂದು ಸಣ್ಣ ಬಿಲ್ಲೆ ಮಾತ್ರ. ನಡುವೆ ಮುರಿದರೆ ಹೊರಗಿನ ತುಂಡನ್ನು ತಡೆಯುವವರು ಯಾರೂ ಇಲ್ಲ. ಗಾಲಿಯೂ ಬ್ರೇಕಿನ ಡ್ರಮ್ಮೂ ಸೇರಿ ನಾಲ್ಕು ಬೆರಳಷ್ಟು ಹೊರಗೆ ಬಂದು ಮಡ್‌ಗಾರ್ಡಿಗೆ ಸಿಕ್ಕಿ ನಿಂತುವು. ಗೆರೆಯಲ್ಲಿ ಆದದ್ದು ಆ ತುದಿಯಲ್ಲಿ, 110 ಮೈಲಿಯಲ್ಲಿ, ಆಗಿದ್ದರೆ? ಈ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತಮ್ಮನ ಹೆಂಡತಿ ಅಂದು ಮಗನ ಕೈ ಹಿಡಿದುಕೊಂಡು ಕಟಕಟೆಯ ಹಿಂದೆ ನಿಂತಿದ್ದಳು.

ನಾನು ಹೋದ ಮೂರನೆಯ ದಿನ ಅವಳು ಕಾಫಿ ಕೊಡುತ್ತ ಹೇಳಿದಳು: "ಭಾವ, ಆ ಕಾರು ಮಾರಿಬಿಡಲಿ ಅಂತ ನಾನು ಹೇಳೋದಿಲ್ಲ. ನನಗಿಂತ ಮುಂಚೆ ಈ ಮನೆಗೆ ಬಂದದ್ದು ಅದು. ಆದರೆ ಗಾಲಿ ಕಳಚಬಾರದು. ನಿಮ್ಮ ಮಾತು ಕೇಳ್ತಾರೆ, ಅಷ್ಟು ನೋಡಿಕೊಳ್ಳಿ."

ನನ್ನ ಮಾತು ಕೇಳುತ್ತಾನೆಂಬುದು ಅವಳ ಭ್ರಮೆ. ಆದರೂ ಒಪ್ಪಿಕೊಂಡೆ. ನಮ್ಮ ತಂದೆ ಹೆದ್ದಾರಿಯ ಪಕ್ಕದ ಊರಿನಲ್ಲಿ ಲಾರಿ ಮೇಸ್ತ್ರಿಯಾಗಿದ್ದವರು. ರಾತ್ರಿ ಲಾರಿಯ ಕೆಳಗೆ ಮಲಗಿ ಅವರು ಕೆಲಸ ಮಾಡುವಾಗ ದೀಪ ಹಿಡಿಯುತ್ತಿದ್ದವನು ನಾನು. ಸ್ಪ್ಯಾನರು ಕೊಡುತ್ತಿದ್ದವನು ತಮ್ಮ. ದೀಪ ಹಿಡಿದವನು ಚರಿತ್ರೆ ಓದಿದ. ಸ್ಪ್ಯಾನರು ಹಿಡಿದವನು ಎಂಜಿನಿಯರನಾದ. "ಗಾಡಿ ಓಡೋದು ಎಂಜಿನ್ನಿನಿಂದ ಅಂತ ತಿಳ್ಕೊಂಡಿದ್ದೀರಿ. ಅಲ್ಲ ಕಣ್ರೋ, ಹಿಂದುಗಡೆಯಿಂದ" ಎಂದು ಅವರು ಹೇಳುತ್ತಿದ್ದುದು ನಮ್ಮಿಬ್ಬರಿಗೂ ನೆನಪಿತ್ತು.

ಡಿಫರೆನ್ಷಿಯಲ್ ಎಂದರೇನೆಂದು ಅವರು ನನಗೆ ತಿಳಿಸಿದ್ದು ಕಣದ ಉಪಮಾನದಿಂದ. ಮೇಟಿಗೆ ಕಟ್ಟಿದ ಎತ್ತುಗಳ ಸಾಲಿನಲ್ಲಿ ಮೇಟಿಯ ಹತ್ತಿರದ ಎತ್ತು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನದು ಓಡಬೇಕು. ಕಾರು ತಿರುಗುವಾಗಲೂ ಒಳಗಾಲಿ ಕಡಿಮೆ, ಹೊರಗಾಲಿ ಹೆಚ್ಚು ಸುತ್ತಬೇಕು. ಎತ್ತಿನ ಗಾಡಿಗೆ ಈ ಕಷ್ಟವಿಲ್ಲ; ಅಚ್ಚು ಸುಮ್ಮನಿದ್ದು ಗಾಲಿಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಅಚ್ಚಿನಿಂದಲೇ ಗಾಲಿಯನ್ನು ತಿರುಗಿಸಬೇಕಾದಾಗ ತೊಡಕು ಬರುತ್ತದೆ. ಅದನ್ನು ಕೆಲವು ಹಲ್ಲಿನ ಚಕ್ರಗಳಿಂದ ಬಿಡಿಸಿದವನು ಫ್ರಾನ್ಸಿನ ಒನೆಸಿಫೋರ್ ಪೆಕರ್, 1827ರಲ್ಲಿ, ಉಗಿಯ ಬಂಡಿಗಾಗಿ. ಆದರೆ ಆ ಉಪಾಯದಲ್ಲಿ ಒಂದು ದೋಷವುಂಟು. ಅದು ಎರಡು ಗಾಲಿಗಳಿಗೂ ಸಮನಾದ ಬಲವನ್ನೇ ಹಂಚುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಅದಕ್ಕೆ ದೊರೆತಷ್ಟು ಅಲ್ಪ ಬಲವೇ ಇನ್ನೊಂದಕ್ಕೂ. ಲಾರಿ ನಿಂತಲ್ಲೇ ನಿಂತು ಒಂದು ಗಾಲಿ ಮಾತ್ರ ಗಿರ್ರನೆ ತಿರುಗುವುದನ್ನು ಮಳೆಗಾಲದಲ್ಲಿ ಯಾರು ನೋಡಿಲ್ಲ?

ತಮ್ಮನ ಕೈಯಲ್ಲಿ ಒಂದು ನೋಟುಪುಸ್ತಕವಿತ್ತು. ಅದರಲ್ಲಿ ನಾಲ್ಕು ಪ್ರಶ್ನೆಗಳು: ಯಾವ ಹೌಸಿಂಗ್, ಯಾವ ಆಕ್ಸಲ್, ಯಾವ ಹಲ್ಲಿನ ಲೆಕ್ಕ, ಯಾವ ಡಿಫರೆನ್ಷಿಯಲ್. ಪ್ರತಿ ಸಂಜೆ ಊಟವಾದ ಮೇಲೆ ಷೆಡ್ಡಿನಲ್ಲಿ ಸಭೆ ಸೇರುತ್ತಿತ್ತು.

ಹೌಸಿಂಗಿನ ಪ್ರಶ್ನೆ ಮೊದಲು ಇತ್ಯರ್ಥವಾಯಿತು. ಕಾರಿನೊಡನೆ ಬಂದದ್ದು ಹತ್ತು ಬೋಲ್ಟಿನದು. ಅದರ ಕ್ರೌನ್ ಚಕ್ರದ ಅಗಲ 8.2 ಅಂಗುಲ. ಅದೇ ಕಂಪೆನಿಯ ಹನ್ನೆರಡು ಬೋಲ್ಟಿನದಾದರೆ 8.875 ಅಂಗುಲ, ಗಟ್ಟಿಯಾದದ್ದು, ಆದರೆ ಮೂಲರೂಪದಲ್ಲಿ ಅದಕ್ಕೂ ಆ ಸಣ್ಣ ಬಿಲ್ಲೆಯೇ ಗತಿ. ಡೇನಾ 60 ಎಂಬುದು 9.75 ಅಂಗುಲದ ಭೀಮ, ತೂಕವೂ ಭೀಮನದೇ. ಉಳಿದದ್ದು ಫೋರ್ಡಿನ ಒಂಬತ್ತು ಅಂಗುಲದ್ದು. ಫೋರ್ಡ್ ಕಾರ್ಖಾನೆ ಅದನ್ನು 1957ರಿಂದ 1986ರವರೆಗೆ ತನ್ನ ಕಾರು ಟ್ರಕ್ಕುಗಳಿಗೆ ಹಾಕಿತು. ಈಗ ಬೇರೆಯವರು ಹೊಸದಾಗಿ ಮಾಡಿ ಮಾರುತ್ತಾರೆ. ಅದರಲ್ಲಿ ಪಿನಿಯನ್ನಿನ ತುದಿಗೆ ಮೂರನೆಯ ಬೇರಿಂಗಿನ ಆಸರೆಯಿದೆ. ಹಲ್ಲುಗಳ ಇಡೀ ಸಂಸಾರವನ್ನು ಮುಂಭಾಗದಿಂದ ಒಟ್ಟಿಗೆ ಹೊರಗೆ ತೆಗೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆಕ್ಸಲನ್ನು ಹೊರತುದಿಯಲ್ಲಿ ಬೇರಿಂಗಿನ ಬಳಿ ಒಂದು ತಗಡಿನಿಂದ ಬೋಲ್ಟು ಹಾಕಿ ಬಿಗಿಯುತ್ತಾರೆ. ಒಳಗೆ ಮುರಿದರೂ ಗಾಲಿ ಹೊರಗೆ ಬರುವುದಿಲ್ಲ. ದೋಷವೂ ಇದೆ: ಪಿನಿಯನ್ ಬಹಳ ಕೆಳಗೆ ಕೂಡುವುದರಿಂದ ಹಲ್ಲಿನ ಮೇಲೆ ಹಲ್ಲು ಹೆಚ್ಚು ಉಜ್ಜಿ, ಎಂಜಿನ್ನಿನ ಶಕ್ತಿಯನ್ನು ಉಳಿದವುಗಳಿಗಿಂತ ಸ್ವಲ್ಪ ಹೆಚ್ಚಾಗಿ ತಿನ್ನುತ್ತದೆ. ಷೆವರ್ಲೆಗೆ ಫೋರ್ಡಿನ ಹೌಸಿಂಗೇ ಎಂದು ನೆರೆಯವನು ಮೂಗು ಮುರಿದ. ಬೀಗರ ಮನೆಯ ದೇವರನ್ನು ತಂದು ನಮ್ಮ ಗೂಡಿನಲ್ಲಿಟ್ಟ ಹಾಗೆ ಎಂದು ನಾನೂ ಅಂದೆ. ಆದರೆ ತಮ್ಮನ ಹೆಂಡತಿ "ಗಾಲಿ ಬರೋದಿಲ್ಲ ತಾನೆ? ಹಾಗಾದರೆ ಅದೇ" ಎಂದಳು. ಸಭೆ ಮುಗಿಯಿತು.

ಆಕ್ಸಲಿನ ವಿಷಯದಲ್ಲಿ ವಾದವಿರಲಿಲ್ಲ. ಅದರ ತುದಿಯ ಗೀರುಗಳ ಎಣಿಕೆಯಿಂದ ದಪ್ಪವನ್ನು ಹೇಳುವುದು ವಾಡಿಕೆ. ಇಪ್ಪತ್ತೆಂಟು ಗೀರಿನದು ಸುಮಾರು 1.2 ಅಂಗುಲ, ಮೂವತ್ತೊಂದರದು ಸುಮಾರು 1.33. ನೋಡಲು ಅಕ್ಕಿಕಾಳಿನ ಅಂತರ. ಆದರೆ ತಿರುಚನ್ನು ತಡೆಯುವ ಬಲ ದಪ್ಪದ ಘನದಂತೆ ಏರುವುದರಿಂದ ಆ ಅಕ್ಕಿಕಾಳಿನಿಂದ ಬಲ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಮೂವತ್ತೊಂದರದನ್ನೇ ಬರೆದುಕೊಂಡ.

ಜಗಳ ಹತ್ತಿದ್ದು ಉಳಿದೆರಡರಲ್ಲಿ. ತಮ್ಮನಿಗೆ ಬೇಕಾದದ್ದು 4.11, ಎಂದರೆ ಪಿನಿಯನ್ನಿಗೆ 9 ಹಲ್ಲು, ಕ್ರೌನಿಗೆ 37. 26 ಅಂಗುಲದ ಟೈರಿನಲ್ಲಿ 110 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 5,840 ಸುತ್ತು ಬರುತ್ತದೆ. ಅವನ ಎಂಜಿನ್ನಿಗೆ ಮೈತುಂಬ ಬಲವಿರುವುದು ಅಲ್ಲಿಯೇ. ಆದರೆ ಹೆದ್ದಾರಿಯಲ್ಲಿ 60 ಮೈಲಿಗೆ 3,190 ಸುತ್ತು. ಹಳೆಯ 3.08ರಲ್ಲಿ ಅದು 2,390 ಆಗಿತ್ತು. ಕಚೇರಿಗೆ ಮೂವತ್ತು ಮೈಲಿ ಹೋಗುವಷ್ಟರಲ್ಲಿ ಕಿವಿ ಗುಂಯ್‌ಗುಡುತ್ತದೆ, ಪೆಟ್ರೋಲು ಕರಗುತ್ತದೆ. ಓಟವನ್ನು ನೂರಕ್ಕೆ ಮೂವತ್ತು ಪಾಲು ಇಳಿಸುವ ನಾಲ್ಕನೆಯ ಗೇರಿರುವ ಗೇರುಪೆಟ್ಟಿಗೆ ಹಾಕಿದರೆ ಎರಡೂ ಕೂಡಿಬರುತ್ತದೆ. ಆದರೆ ಆ ಹಣ ಡಿಸೆಂಬರಿನಲ್ಲಿ ಅಮ್ಮನನ್ನು ನೋಡಲು ಬರುವ ಟಿಕೆಟ್ಟುಗಳ ಹಣ. ಅದರ ಮಾತನ್ನು ಅವನೇ ಎತ್ತಿ ಅವನೇ ಇಳಿಸಿದ.

ಡಿಫರೆನ್ಷಿಯಲಿನ ಬದಲು ಅವನಿಗೆ ಸ್ಪೂಲ್ ಬೇಕಿತ್ತು. ಸ್ಪೂಲ್ ಎಂದರೆ ಡಿಫರೆನ್ಷಿಯಲನ್ನೇ ತೆಗೆದುಹಾಕಿ ಎರಡು ಆಕ್ಸಲುಗಳನ್ನು ಒಂದೇ ಉಕ್ಕಿನ ಉರುಳೆಗೆ ಕೂಡಿಸುವುದು. ಹಗುರ, ಗಟ್ಟಿ, ಅಗ್ಗ. ನೇರ ಓಟಕ್ಕೆ ಅದಕ್ಕೆ ಸಮನಿಲ್ಲ. ಆದರೆ ತಿರುವಿನಲ್ಲಿ ಒಂದು ಟೈರು ನೆಲವನ್ನು ಉಜ್ಜಲೇಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗ ಪಕ್ಕಕ್ಕೆ ಜಾರಲು ನೆಪ ಹುಡುಕುತ್ತದೆ. ಇನ್ನೊಂದು ಜಾತಿ ಲಾಕರು. ತಿರುವಿನಲ್ಲಿ ಕಟಕಟನೆ ಬಿಟ್ಟು ಮತ್ತೆ ಕಚ್ಚುತ್ತದೆ. ಮತ್ತೊಂದು, ಕ್ಲಚ್ಚಿನ ಬಿಲ್ಲೆಗಳಿಂದ ಜಾರುವಿಕೆಯನ್ನು ತಡೆಯುವುದು. 1956ರಲ್ಲಿ ಪ್ಯಾಕಾರ್ಡ್ ಕಾರಿನಲ್ಲಿ ಬಂದದ್ದು. ಬಿಲ್ಲೆ ಸವೆದರೆ ಹಿಡಿತ ಹೋಗುತ್ತದೆ. ಮುರಿದುಹೋದ ಹೌಸಿಂಗಿನಲ್ಲಿದ್ದದ್ದು ಅಂಥ ಸವೆದದ್ದೇ. ಕೊನೆಯದು ಬಿಲ್ಲೆಗಳಿಲ್ಲದೆ, ಓರೆಹಲ್ಲಿನ ಚಕ್ರಗಳಿಂದಲೇ ಕೆಲಸ ಮಾಡುವುದು. ಸದ್ದಿಲ್ಲ, ಸವೆತ ಕಡಿಮೆ. ಆದರೆ ಒಂದು ಗಾಲಿ ಪೂರ್ತಿ ಮೇಲೆದ್ದರೆ ಅದೂ ಕೈಚೆಲ್ಲುತ್ತದೆ.

ಒಂದು ಸಂಜೆ ಜಡಿಮಳೆ. ಮಗನನ್ನು ಈಜಿನ ಪಾಠದಿಂದ ಕರೆತರಲು ಮನೆಯ ಇನ್ನೊಂದು ಕಾರಿನಲ್ಲಿ ಹೋಗಿದ್ದೆವು. ತಿರುವಿನಲ್ಲಿ ತಮ್ಮ ನಿಧಾನಿಸಿದ. ಹಿಂದಿನ ಆಸನದಲ್ಲಿ ಹುಡುಗ ನಿದ್ದೆ ಮಾಡುತ್ತಿದ್ದ. ನಾನು ಕೇಳಿದೆ: "ವರ್ಷಕ್ಕೆ ಎಷ್ಟು ಸಲ ಪಂದ್ಯದ ಪಥದಲ್ಲಿ ಓಡುತ್ತೀಯೆ?"

"ನಲವತ್ತು ಸಲ ಇರಬಹುದು, ಅಣ್ಣ."

"ಒಂದೊಂದಕ್ಕೆ ಹನ್ನೆರಡು ಸೆಕೆಂಡು. ಒಟ್ಟು ಎಂಟು ನಿಮಿಷ. ವರ್ಷದಲ್ಲಿ ಎಂಟು ನಿಮಿಷಕ್ಕೋಸ್ಕರ ಉಳಿದ ದಿನಗಳ ಮಳೆಯನ್ನೆಲ್ಲ ಮರೆತು ಸಾಮಾನು ಕೊಳ್ಳುತ್ತೀಯ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ: "ಅಣ್ಣ, ಆಕ್ಸಲ್ ಮುರಿಯೋದು ಆ ಎಂಟು ನಿಮಿಷದಲ್ಲೇ."

ಇಬ್ಬರ ಮಾತೂ ನಿಜವಾಗಿತ್ತು. ಮನೆ ಸೇರುವಷ್ಟರಲ್ಲಿ ರಾಜಿಯೂ ಆಯಿತು. ಮುರಿಯಬಾರದ್ದನ್ನೆಲ್ಲ, ಎಂದರೆ ಹೌಸಿಂಗನ್ನೂ ಆಕ್ಸಲನ್ನೂ, ಆ ಎಂಟು ನಿಮಿಷಕ್ಕೆ ತಕ್ಕಂತೆ ಕೊಳ್ಳುವುದು. ದಿನವೂ ಜೊತೆಗೆ ಬಾಳಬೇಕಾದದ್ದನ್ನು, ಎಂದರೆ ಹಲ್ಲಿನ ಲೆಕ್ಕವನ್ನೂ ಡಿಫರೆನ್ಷಿಯಲನ್ನೂ, ಉಳಿದ ವರ್ಷಕ್ಕೆ ತಕ್ಕಂತೆ ಕೊಳ್ಳುವುದು. ಸ್ಪೂಲ್ ಬಿಟ್ಟು ಓರೆಹಲ್ಲಿನದು, 4.11 ಬಿಟ್ಟು 3.70, ಎಂದರೆ ಹತ್ತಕ್ಕೆ ಮೂವತ್ತೇಳು. 60 ಮೈಲಿಗೆ 2,870 ಸುತ್ತು. ಪಥದ ತುದಿಯಲ್ಲಿ 5,260. ಪಂದ್ಯಕ್ಕೆಂದೇ ಬೇರೆ ಉಕ್ಕಿನಲ್ಲಿ ಮಾಡಿದ ಹಲ್ಲುಗಳೂ ಸಿಗುತ್ತವೆ. ಅವು ಪೆಟ್ಟು ತಾಳುತ್ತವೆ, ಆದರೆ ರಸ್ತೆಯಲ್ಲಿ ಬೇಗ ಸವೆಯುತ್ತವೆ. ಅವನ್ನೂ ಬಿಟ್ಟ.

ಸಾಮಾನು ಬಂದ ಮೇಲೆ ಎರಡು ಶನಿವಾರ ಭಾನುವಾರಗಳು ಜೋಡಣೆಗೆ ಹಿಡಿದುವು. ಕ್ರೌನಿಗೂ ಪಿನಿಯನ್ನಿಗೂ ನಡುವಣ ಸಡಿಲ ಅಂಗುಲದ ಸಾವಿರದಲ್ಲಿ ಎಂಟರಿಂದ ಹನ್ನೆರಡು ಪಾಲಿನೊಳಗೆ ಇರಬೇಕು. ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿ, ಉಜ್ಜಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡಬೇಕು. ಇಲ್ಲವಾದರೆ ಎಲ್ಲವನ್ನೂ ಬಿಚ್ಚಿ ಕಾಗದದಷ್ಟು ತೆಳುವಾದ ಶಿಮ್ಮನ್ನು ಬದಲಿಸಬೇಕು. ನಾಲ್ಕು ಸಲ ಬಿಚ್ಚಿದೆವು. ನಾನು ದೀಪ ಹಿಡಿದೆ. ಸ್ಪ್ಯಾನರು ಕೊಡುವ ಕೆಲಸ ಮಗನದಾಯಿತು. ಐದನೆಯ ಸಲ ಗುರುತು ಸರಿಯಾಗಿ ಬಿದ್ದಾಗ ತಮ್ಮ, ನಮ್ಮ ತಂದೆ ಮಾಡುತ್ತಿದ್ದಂತೆಯೇ, ಏನೂ ಹೇಳದೆ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡ. ನನಗೆ ಹೊಗೆ ತಗಲಿದ ಹಾಗೆ ಕಣ್ಣು ಮಂಜಾಯಿತು. ಅಲ್ಲಿ ಹೊಗೆ ಇರಲಿಲ್ಲ.

ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಮೊದಲು ಹದಿನೈದು ಇಪ್ಪತ್ತು ಮೈಲಿ ನಿಧಾನವಾಗಿ ಓಡಿಸಿ ತಣ್ಣಗಾಗಲು ಬಿಡಬೇಕು. ಐನೂರು ಮೈಲಿಯವರೆಗೆ ಬಲವಂತ ಕೂಡದು. ಬಳಿಕ ಎಣ್ಣೆ ಬದಲಿಸಬೇಕು. ಈ ನಿಯಮ ಹೊಸ ದಂಪತಿಗಳಿಗೂ ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆಂದು ನನಗೆ ತೋರುತ್ತದೆ.

ನಾನು ಹೊರಡುವ ಮುಂಚಿನ ಶನಿವಾರ ಎಲ್ಲರೂ ಪಂದ್ಯಕ್ಕೆ ಹೋದೆವು. ಕಟಕಟೆಯ ಹಿಂದೆ ತಮ್ಮನ ಹೆಂಡತಿ ಮಗನ ಕೈ ಹಿಡಿದು ನಿಂತಳು. ಅವಳು ಕಣ್ಣು ಮುಚ್ಚಿದ್ದಳೆಂದು ನಾನು ಪ್ರಮಾಣ ಮಾಡಬಲ್ಲೆ. ದೀಪ ಹಸಿರಾಯಿತು. ಕಾರು ಹಿಂಗಾಲ ಮೇಲೆ ಕುಸಿದು, ನೆಲದ ಮೇಲೆ ಒಂದೇ ಸಮನಾದ ಎರಡು ಕಪ್ಪು ಗೆರೆಗಳನ್ನೆಳೆದು ಹೋಗಿಬಿಟ್ಟಿತು. ಅದು ಹಿಂತಿರುಗಿ ಬಂದಾಗ ತಮ್ಮ ಇಳಿದು ಉತ್ಸಾಹದಿಂದ ಹೆಂಡತಿಯನ್ನು ಕೇಳಿದ: "ಎಷ್ಟು ಬಂತು, ನೋಡಿದೆಯಾ?"

ಅವಳು ಹಲಗೆಯ ಕಡೆ ನೋಡಿಯೇ ಇರಲಿಲ್ಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಹೇಳಿದಳು:

"ನಾಲ್ಕು. ನಾಲ್ಕೂ ಇವೆ."