ನೆಲಮಾಳಿಗೆಯ ರೈಲುಮಾರ್ಗ

ಪುಟ್ಟ ರೈಲುಗಾಡಿಯೆಂದರೆ ಮಕ್ಕಳ ಆಟಿಕೆಯೆಂದು ಭಾವಿಸುವವರೇ ಬಹಳ. ಅದು ಒಬ್ಬ ಮನುಷ್ಯನ ಅರ್ಧ ಆಯುಷ್ಯವನ್ನೇ ಬೇಡುವ ವಿದ್ಯೆಯೂ ಆಗಬಲ್ಲುದೆಂಬುದಕ್ಕೆ ಅಮೆರಿಕದ ಮಾಂಟೆರೆ ಪಟ್ಟಣದ ಜಾನ್ ಅಲೆನ್ ನಿದರ್ಶನ. ಛಾಯಾಗ್ರಾಹಕರಾಗಿದ್ದ ಅವರು 1946ರ ಸುಮಾರಿಗೆ ಕಟ್ಟಿದ ಮೊದಲ ಮಾದರಿ ಒಂದು ದೊಡ್ಡ ಮೇಜಿನಷ್ಟು ಮಾತ್ರ: ಸುಮಾರು ಮೂರೂವರೆ ಅಡಿ ಅಗಲ, ಆರೂಮುಕ್ಕಾಲು ಅಡಿ ಉದ್ದ. 1953ರ ಬಳಿಕ ಮನೆಯ ನೆಲಮಾಳಿಗೆಯನ್ನೇ ತುಂಬುವ ಮೂರನೆಯ ಮಾರ್ಗಕ್ಕೆ ಕೈಹಾಕಿದಾಗ ಆ ಮೊದಲ ತುಣುಕನ್ನು ಬಿಸುಡದೆ ಅದರಲ್ಲಿಯೇ ಸೇರಿಸಿಕೊಂಡರು. ಮಾರ್ಗಕ್ಕೆ ಅವರಿಟ್ಟ ಹೆಸರನ್ನು ‘ಗೋರಿ ಅಂಡ್ ಡಿಫೀಟೆಡ್’ ಎಂದು ಉಚ್ಚರಿಸಬೇಕು. ರಕ್ತಸಿಕ್ತ, ಪರಾಜಿತ ಎಂದು ಅದರ ಶ್ಲೇಷೆ. ಕನ್ನಡಿಗರ ಕಿವಿಗೆ ಮೊದಲ ಪದ ಇನ್ನೊಂದು ಅರ್ಥವನ್ನೂ ಕೊಡುತ್ತದೆ.

ಇಂಥ ಮಾರ್ಗದ ನಿಜವಾದ ಕೆಲಸ ಹಲಗೆ ಕೊಯ್ಯುವುದಕ್ಕಿಂತ ಮುಂಚೆ ಕಾಗದದ ಮೇಲೆ ನಡೆಯುತ್ತದೆ. ಅಲೆನ್ ಅನುಸರಿಸಿದ ಎಚ್.ಓ. ಪ್ರಮಾಣದಲ್ಲಿ ನಿಜವಾದ ಒಂದು ಅಡಿಗೆ ಮೂರೂವರೆ ಮಿಲಿಮೀಟರು. ಅಂದರೆ ಎಂಬತ್ತೇಳರಲ್ಲಿ ಒಂದು ಪಾಲು. ಸಾವಿರ ಅಡಿ ತ್ರಿಜ್ಯದ ತಿರುವನ್ನು ಯಥಾವತ್ತಾಗಿ ಇಳಿಸಿದರೂ ಹನ್ನೊಂದೂವರೆ ಅಡಿ ತ್ರಿಜ್ಯ ಬೇಕು. ಯಾರ ಮನೆಯಲ್ಲಿ ಅಷ್ಟು ಸ್ಥಳವುಂಟು? ಆದುದರಿಂದ ಎರಡಡಿ ತ್ರಿಜ್ಯಕ್ಕೆ ಒಪ್ಪಿಕೊಂಡು, ಆ ಬಿಗಿ ತಿರುವನ್ನು ಸುರಂಗದಲ್ಲಿಯೋ ಗುಡ್ಡದ ಹಿಂದೆಯೋ ಮರೆಸುವುದು ಜಾಣ್ಮೆ. ಏರಿನ ಲೆಕ್ಕ ಇನ್ನೂ ನಿಷ್ಠುರ. ಒಂದು ಹಳಿಯ ಮೇಲೆ ಇನ್ನೊಂದು ದಾಟಬೇಕಾದರೆ ಸುಮಾರು ನಾಲ್ಕು ಅಂಗುಲ ಎತ್ತರ ಬೇಕು. ಐವತ್ತಕ್ಕೆ ಒಂದರ ಏರಿನಲ್ಲಿ ಅಷ್ಟು ಎತ್ತರಿಸಲು ಇನ್ನೂರು ಅಂಗುಲ, ಎಂದರೆ ಹದಿನೇಳು ಅಡಿಗೆ ಸಮೀಪದ ಹಳಿ ವೆಚ್ಚವಾಗುತ್ತದೆ. ಹಳಿ ತಪ್ಪಿದ ಬೋಗಿಯನ್ನು ಎತ್ತಲು ಕೈ ಎಟಕಬೇಕೆಂಬುದನ್ನು ಮರೆತವರಂತೂ ಪರಿತಪಿಸದೆ ಇಲ್ಲ.

ಕಟ್ಟಡಗಳ ವಿಷಯದಲ್ಲಿ ಅಲೆನ್ನರ ಕಣ್ಣು ಛಾಯಾಗ್ರಾಹಕನದೇ. ಹಿನ್ನೆಲೆಯವನ್ನು ಚಿಕ್ಕದಾಗಿ ಮಾಡಿ ದೂರದ ಭ್ರಮೆಯನ್ನು ತಂದರು. ಕನ್ನಡಿಗಳನ್ನು ನಿಲ್ಲಿಸಿ ಊರನ್ನು ಹಿಗ್ಗಿಸಿದರು. ಹೊಳೆಯುವ ಹೊಸ ಬಣ್ಣ ಅವರಿಗೆ ಒಗ್ಗದು. ಬೋಗಿಗೆ ತುಕ್ಕು, ಗೋಡೆಗೆ ಹೊಗೆ ಹಿಡಿದಿರಬೇಕು. ಪರ್ವತಗಳಂತೂ ನೆಲದಿಂದ ಛಾವಣಿಯವರೆಗೆ ನಿಂತವು. ಇಷ್ಟು ಗಂಭೀರವಾದ ಲೋಕದಲ್ಲಿ ಬೋಗಿಗಳನ್ನು ಎಳೆದು ಜೋಡಿಸಲು ಎಂಜಿನ್ನಿನ ಬದಲು ಎಮ್ಮಾ ಎಂಬ ಡೈನೊಸಾರ್ ಕೂಡ ಇತ್ತು!

ಸ್ನೇಹಿತರು ಬಂದು ಚಾಲಕರಾಗಿ, ನಿಲ್ದಾಣಾಧಿಕಾರಿಗಳಾಗಿ ಗಾಡಿಗಳನ್ನು ನಡೆಸುತ್ತಿದ್ದರು. ಯಾವ ಬೋಗಿ ಯಾವ ಕಾರ್ಖಾನೆಗೆ ಹೋಗಬೇಕೆಂಬುದಕ್ಕೆ ಚೀಟಿಗಳಿದ್ದವು. ಇಲ್ಲಿಯೇ ಯೋಜನೆಯ ಪರೀಕ್ಷೆ. ಕಾರಣವಿಲ್ಲದೆ ಹಾಕಿದ ಕವಲು ಹಳಿ ಎಷ್ಟು ಅಂದವಾಗಿದ್ದರೂ ನಿರುಪಯೋಗಿಯೇ.

1973ರ ಜನವರಿ 6ರಂದು ಅಲೆನ್ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ದಿನಗಳ ನಂತರ ನೆಲಮಾಳಿಗೆಗೆ ಬೆಂಕಿ ಬಿದ್ದು ಎರಡು ದಶಕಗಳ ದುಡಿಮೆ ಬೂದಿಯಾಯಿತು. ಅವರೇ ತೆಗೆದ ಛಾಯಾಚಿತ್ರಗಳು ಉಳಿದವು. ಅವನ್ನೊಳಗೊಂಡು ಲಿನ್ ವೆಸ್ಟ್‌ಕಾಟ್ ರಚಿಸಿದ ಗ್ರಂಥ 1981ರಲ್ಲಿ ಪ್ರಕಟವಾಯಿತು. ಅದನ್ನು ಕಾಣಲು ಗ್ರಂಥಕರ್ತರೂ ಆಗ ಬದುಕಿರಲಿಲ್ಲ. ಇಂದಿಗೂ ಹೊಸದಾಗಿ ಮಾರ್ಗ ಕಟ್ಟಹೊರಟವರು ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಪೆನ್ಸಿಲು ಹಿಡಿಯುತ್ತಾರೆ.